ಸೂಜಿ ಹಿಡಿದ ರಾಣಿ



ಕತ್ತರಿ ಒಂದನ್ನು ಎರಡು ಮಾಡುತ್ತದೆ, ಸೂಜಿ ಎರಡನ್ನು ಒಂದು ಮಾಡುತ್ತದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದಕ್ಕೇ ಸಿಂಪಿಗನು ಕತ್ತರಿಯನ್ನು ನೆಲದ ಮೇಲಿಟ್ಟು ಸೂಜಿಯನ್ನು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾನಂತೆ. ಮಾತು ನಿಜ. ಆದರೆ ಸೂಜಿಗೂ ಮೊನೆಯುಂಟು. ಅದು ಕೂಡಿಸುವುದೋ ಚುಚ್ಚುವುದೋ ಎಂಬುದು ಹೊಲಿಯುವವರ ಮನಸ್ಸಿಗೆ ಸೇರಿದ್ದು. ಇದನ್ನು ತಿಳಿಯಲು ಸ್ಕಾಟ್ಲೆಂಡ್ ದೇಶದ ರಾಣಿ ಮೇರಿಯ ಜೀವನವನ್ನು ನೋಡಬೇಕು.

ಮೇರಿ ಹುಟ್ಟಿದ್ದು 1542ರ ಡಿಸೆಂಬರ್ 8ರಂದು. ಹುಟ್ಟಿದ ಆರನೆಯ ದಿನಕ್ಕೆ ತಂದೆ ತೀರಿಕೊಂಡನು. ತೊಟ್ಟಿಲ ಕೂಸೇ ರಾಣಿಯಾಯಿತು. ಐದು ವರುಷದ ಬಾಲಕಿಯನ್ನು ಫ್ರಾನ್ಸ್ ದೇಶಕ್ಕೆ ಕಳುಹಿಸಿದರು. ಆ ಅರಮನೆಯಲ್ಲಿ ವಿದ್ಯೆಯೊಡನೆ ಕಸೂತಿಯೂ ಅವಳಿಗೆ ಕೈಗೂಡಿತು. ಅಲ್ಲಿನ ಯುವರಾಜನನ್ನು ವರಿಸಿ 1559ರಲ್ಲಿ ಫ್ರಾನ್ಸಿನ ರಾಣಿಯೂ ಆದಳು. ಮರುವರುಷವೇ ಗಂಡ ಸತ್ತನು. ಹದಿನೆಂಟು ತುಂಬುವುದರೊಳಗೆ ವಿಧವೆ!

ತಾಯ್ನಾಡಿಗೆ ಮರಳಿ ಡಾರ್ನ್ಲಿ ಎಂಬವನನ್ನು ಮದುವೆಯಾದಳು. 1567ರಲ್ಲಿ ಅವನ ಕೊಲೆಯಾಯಿತು. ಕೊಲೆ ಮಾಡಿಸಿದವನೆಂದು ಜನರು ಶಂಕಿಸಿದ್ದ ಬಾತ್‌ವೆಲ್‌ನನ್ನೇ ಮೂರು ತಿಂಗಳಲ್ಲಿ ಅವಳು ವರಿಸಿದಳು. ನಾಡು ತಿರುಗಿಬಿತ್ತು. ಒಂದು ವರುಷದ ಕೂಸಿಗೆ ಸಿಂಹಾಸನ ಬಿಟ್ಟುಕೊಟ್ಟು ಸೆರೆಯಲ್ಲಿ ಕುಳಿತಳು. ಅಲ್ಲಿಂದ ತಪ್ಪಿಸಿಕೊಂಡು 1568ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಓಡಿಹೋದಳು. ಅಲ್ಲಿನ ರಾಣಿ ಎಲಿಜಬೆತ್ ರಕ್ತಸಂಬಂಧಿ. ಎಲಿಜಬೆತ್‌ಳ ತಂದೆಯೂ ಮೇರಿಯ ಅಜ್ಜಿಯೂ ಒಡಹುಟ್ಟಿದವರು. ಆದರೆ ಇಂಗ್ಲೆಂಡಿನ ಸಿಂಹಾಸನಕ್ಕೆ ಮೇರಿಗೂ ಹಕ್ಕುಂಟೆಂದು ಹೇಳುವವರಿದ್ದರು. ಆ ಭಯದಿಂದ ಆಶ್ರಯ ಬೇಡಿ ಬಂದವಳಿಗೆ ಕಾವಲೇ ಗತಿಯಾಯಿತು. ಆ ಸೆರೆ ಹತ್ತೊಂಬತ್ತು ವರುಷದ ಹತ್ತಿರಕ್ಕೆ ಬೆಳೆಯಿತು.

ಕಾವಲಿನ ಹೊಣೆ ಶ್ರೂಸ್‌ಬರಿಯ ಜಮೀನುದಾರನದು. ಅವನ ಮಡದಿ ಬೆಸ್. ಟಟ್‌ಬರಿಯ ಶೀತಗಾಳಿಯ ಕೋಟೆಯಲ್ಲಿ ಸೆರೆಯಾಳು ರಾಣಿಯೂ ಕಾವಲಿನವನ ಹೆಂಡತಿಯೂ ಒಂದೇ ಕೋಣೆಯಲ್ಲಿ ಕುಳಿತು ಸೂಜಿ ಹಿಡಿದರು. ಅಚ್ಚಾದ ಪುಸ್ತಕಗಳ ಚಿತ್ರ ನೋಡಿ ಹಕ್ಕಿ, ಮೀನು, ಮೃಗ, ಗಿಡಬಳ್ಳಿಗಳನ್ನು ಬಟ್ಟೆಗಿಳಿಸಿದರು. ಗೋಡೆಗೆ ತೂಗುವ ಪರದೆ, ಒರಗುದಿಂಬು, ಹಾಸಿಗೆಯ ಅಲಂಕಾರ, ಹೀಗೆ ಮನೆಗೆ ಬೇಕಾದುದೆಲ್ಲ ಅಂಥ ಕೆಲಸದಿಂದಲೇ ಸಿದ್ಧವಾಗುತ್ತಿದ್ದ ಕಾಲವದು. ದಿನವಿಡೀ ಹೊಲಿಯುತ್ತೇನೆ, ಬಣ್ಣ ಬಣ್ಣದ ನೂಲು ಬೇಸರ ಕಳೆಯುತ್ತದೆ, ಪಕ್ಕೆನೋವು ಬಂದಾಗಲೇ ನಿಲ್ಲಿಸುತ್ತೇನೆ ಎಂದು ನೋಡಲು ಬಂದ ಅಧಿಕಾರಿಗೆ ಮೇರಿ ತಿಳಿಸಿದ್ದಳು. ಅವರ ಕೈಕೆಲಸದ ನೂರಕ್ಕೂ ಹೆಚ್ಚು ಪಟಗಳು ಇಂಗ್ಲೆಂಡಿನ ಆಕ್ಸ್‌ಬರೋ ಮನೆಯಲ್ಲಿ ಉಳಿದು ಬಂದಿವೆ.

ಇಲ್ಲಿ ನಾವು ಎರಡು ಉಡುಗೊರೆಗಳನ್ನು ಗಮನಿಸಬೇಕು.

ಮೊದಲನೆಯದು ಒಂದು ದಿಂಬು. ನಾರ್ಫೋಕಿನ ದೊರೆಯನ್ನು ವರಿಸಿ ಬಿಡುಗಡೆ ಹೊಂದುವ ಆಸೆ ಮೇರಿಗಿತ್ತು. ಅವನಿಗೆ ಕಳುಹಿಸಿದ ದಿಂಬಿನ ಮೇಲೆ, ಕುಡುಗೋಲು ಹಿಡಿದ ಕೈಯೊಂದು ಫಲವಿಲ್ಲದ ಬಳ್ಳಿಯನ್ನು ಕತ್ತರಿಸುವ ಚಿತ್ರ. ಗಾಯದಿಂದಲೇ ಗುಣವು ಚಿಗುರುವುದೆಂಬ ಅರ್ಥದ ಲ್ಯಾಟಿನ್ ಬರಹ. ಎಲಿಜಬೆತ್‌ಳಿಗೆ ಮಕ್ಕಳಿರಲಿಲ್ಲ. ಬಂಜೆ ಬಳ್ಳಿಯನ್ನು ಕಡಿದರೆ ಫಲದ ಬಳ್ಳಿ ಬೆಳೆಯುವುದೆಂದು ಅದನ್ನು ಓದಿಕೊಂಡರು. ನಾರ್ಫೋಕನ ಒಳಸಂಚು ಬಯಲಾದಾಗ ಆ ದಿಂಬಿನ ಮಾತೂ ವಿಚಾರಣೆಗೆ ಬಂತು. 1572ರ ಜೂನ್ 2ರಂದು ಅವನ ತಲೆ ಉರುಳಿತು. ತಲೆಗೆ ವಿಶ್ರಾಂತಿ ಕೊಡಬೇಕಾದ ದಿಂಬು!

ಎರಡನೆಯದು ಒಂದು ಲಂಗ. 1574ರಲ್ಲಿ ಫ್ರಾನ್ಸಿನ ರಾಯಭಾರಿಯಿಂದ ಕೆಂಪು ಸ್ಯಾಟಿನ್ ತರಿಸಿ, ಬೆಳ್ಳಿಯೆಳೆಯ ಕಸೂತಿ ಹಾಕಿ, ಎಲಿಜಬೆತ್‌ಳಿಗೆ ಮೇರಿ ಕಳುಹಿಸಿದಳು. ಎಲಿಜಬೆತ್ ಸಂತೋಷದಿಂದಲೇ ಸ್ವೀಕರಿಸಿದಳು. ಆದರೆ ಸೆರೆಯ ಬಾಗಿಲು ತೆರೆಯಲಿಲ್ಲ. ಹೇಗೆ ತೆರೆದೀತು? ದಿಂಬಿನ ನೆನಪು ಮಾಸಿರಲಿಲ್ಲ. ಒಂದು ಸಲ ವಿಷದ ಗಂಟು ಹಾಕಿದ ಕೈ ಮುಂದೆ ರೇಷ್ಮೆಯ ಹೂವನ್ನೇ ಹೊಲಿದರೂ ಪಡೆಯುವವರು ಹಿಂಬದಿಯನ್ನು ತಿರುವಿ ನೋಡುತ್ತಾರೆ.

ಮೇರಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಪಂಜರದ ಹಕ್ಕಿ ಬಿಡುಗಡೆ ಬಯಸುವುದು ಸಹಜ. ಶರಣು ಬಂದವಳನ್ನು ಸೆರೆಯಿಟ್ಟವಳಲ್ಲಿಯೂ ದೋಷವುಂಟು. ಆದರೆ ಅಪನಂಬಿಕೆಗೆ ಒಮ್ಮೆ ಬೀಜ ಬಿದ್ದರೆ ಅದು ಬೆಳೆಯದೆ ಬಿಡದು. 1586ರಲ್ಲಿ ಎಲಿಜಬೆತ್‌ಳನ್ನು ಕೊಲ್ಲುವ ಸಂಚೊಂದರಲ್ಲಿ ಮೇರಿಯ ಪತ್ರ ಸಿಕ್ಕಿತು. 1587ರ ಫೆಬ್ರವರಿ 8ರಂದು ಫಾದರಿಂಗ್‌ಹೇ ಕೋಟೆಯಲ್ಲಿ ಅವಳ ಶಿರಚ್ಛೇದವಾಯಿತು. ಆಗ ನಲವತ್ತನಾಲ್ಕು ವರುಷ.

ಎಲಿಜಬೆತ್‌ಳ ತರುವಾಯ ಇಂಗ್ಲೆಂಡಿನ ಸಿಂಹಾಸನ ಬಂದದ್ದು ಮೇರಿಯ ಮಗನಿಗೇ. ಅವನು 1612ರಲ್ಲಿ ತಾಯಿಯ ದೇಹವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರಕ್ಕೆ ತರಿಸಿದನು. ಬದುಕಿನಲ್ಲಿ ಒಮ್ಮೆಯೂ ಮುಖ ನೋಡದ ಆ ಇಬ್ಬರು ರಾಣಿಯರು ಅಲ್ಲಿ ಒಂದೇ ಸೂರಿನಡಿ, ಆಚೆ ಬದಿಗೊಬ್ಬಳು ಈಚೆ ಬದಿಗೊಬ್ಬಳು ಮಲಗಿದ್ದಾರೆ. ಸೂಜಿ ಕೂಡಿಸಲಾರದವರನ್ನು ಮಣ್ಣು ಕೂಡಿಸಿತು.

ತಾಯಂದಿರೆ, ಮಗಳ ಮನೆಗೆ ದಿಂಬಿನ ಗವುಸು ಹೊಲಿಯುವಿರಿ, ಮೊಮ್ಮಗನಿಗೆ ಕುಲಾಯಿ ಹೊಲಿಯುವಿರಿ, ಬೀಗರಿಗೆ ಬಾಗಿಲ ಪರದೆ ಕೊಡುವಿರಿ. ಅಂಗಡಿಯ ವಸ್ತುವಿಗೆ ಬೆಲೆಯ ಚೀಟಿ ಅಂಟಿರುತ್ತದೆ; ಕೈಯಲ್ಲಿ ಹೊಲಿದುದಕ್ಕೆ ಮನಸ್ಸೇ ಅಂಟಿರುತ್ತದೆ. ಆದುದರಿಂದ ನೂಲಿಗೆ ಗಂಟು ಹಾಕುವ ಮೊದಲು ಮನಸ್ಸಿನ ಗಂಟನ್ನು ಬಿಚ್ಚಿರಿ. ಆಗ ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರುತ್ತದೆ.