ಮಾತೀಸನ ಕತ್ತರಿ

ನೀಲಿ ಬಾನು, ಹಳದಿ ನಕ್ಷತ್ರಗಳು. ನಡುವೆ ತೋಳು ಚಾಚಿ ತೇಲುವ ಒಂದು ಕಪ್ಪು ಆಕೃತಿ, ಅದರ ಎದೆಯಲ್ಲೊಂದು ಕೆಂಪು ಬೊಟ್ಟು. ಫ್ರಾನ್ಸಿನ ಕಲಾವಿದ ಹೆನ್ರಿ ಮಾತೀಸನ ‘ಇಕಾರಸ್’ ಚಿತ್ರದ ಅಚ್ಚುಪ್ರತಿ ಇಂದು ಎಷ್ಟೋ ದೇಶಗಳ ಮನೆಗೋಡೆಗಳನ್ನು ಅಲಂಕರಿಸಿದೆ. ಮಕ್ಕಳ ಕೋಣೆಗೂ ಒಪ್ಪುವ ಈ ಚಿತ್ರವನ್ನು ರಚಿಸಿದವನು ಎಪ್ಪತ್ತು ದಾಟಿದ, ಹೆಚ್ಚು ಹೊತ್ತು ನಿಲ್ಲಲಾರದ ರೋಗಿ ಎಂಬುದು ಅದನ್ನು ನೋಡಿದರೆ ಹೊಳೆಯದು.

ಮಾತೀಸ್ ಹುಟ್ಟಿದ್ದು 1869ರ ಡಿಸೆಂಬರ್ 31ರಂದು, ಉತ್ತರ ಫ್ರಾನ್ಸಿನಲ್ಲಿ. ತಂದೆ ಬಿತ್ತನೆ ಬೀಜದ ವ್ಯಾಪಾರಿ. ಮಗ ವಕೀಲರ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತರ ಹರೆಯದಲ್ಲಿ ಕಾಯಿಲೆ ಮಲಗಿದಾಗ ಹೊತ್ತು ಹೋಗಲೆಂದು ತಾಯಿ ಬಣ್ಣದ ಪೆಟ್ಟಿಗೆಯೊಂದನ್ನು ತಂದಿತ್ತಳು. ಕಾನೂನಿನ ಕಥೆ ಅಲ್ಲಿಗೆ ಮುಗಿಯಿತು. 1905ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಮತ್ತು ಅವನ ಗೆಳೆಯರ ಉಗ್ರ ವರ್ಣಗಳನ್ನು ಕಂಡ ವಿಮರ್ಶಕನೊಬ್ಬ ಅವರನ್ನು ಕಾಡುಮೃಗಗಳೆಂದು ಕರೆದ. ಅದೇ ‘ಮೃಗ’ 1908ರ ಲೇಖನವೊಂದರಲ್ಲಿ, ದುಡಿದು ದಣಿದವನಿಗೆ ಆರಾಮಕುರ್ಚಿ ಹೇಗೋ ತನ್ನ ಕಲೆಯೂ ಹಾಗಿರಬೇಕೆಂಬ ಬಯಕೆಯನ್ನು ತೋಡಿಕೊಂಡಿತು! ಕೋಣೆಗೆ ಅಂದ ನೀಡುವುದು ಕಲೆಗೆ ಹೀನವೆಂದು ಮಾತೀಸನಿಗೆ ತೋರಲಿಲ್ಲ. ಕೇವಲ ಅಲಂಕಾರದವನೆಂದು ಅವನನ್ನು ಜರೆದವರು ಮಾತ್ರ ಹಲವರು.

1941ರಲ್ಲಿ ಲಿಯೋನ್ ನಗರದಲ್ಲಿ ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಜೀವ ಉಳಿಯಿತು, ಆದರೆ ಬಾಳು ಬಹುಮಟ್ಟಿಗೆ ಹಾಸಿಗೆ, ಗಾಲಿಕುರ್ಚಿಗಳ ಪಾಲಾಯಿತು. ಹಿಂದೆ ದೊಡ್ಡ ಚಿತ್ರಗಳ ವಿನ್ಯಾಸವನ್ನು ಹೊಂದಿಸಿ ನೋಡಲು ಬಳಸಿದ್ದ ಬಣ್ಣದ ಕಾಗದವೇ ಈಗ ಚಿತ್ರವಾಯಿತು. ಸಹಾಯಕಿಯರು ಹಾಳೆಗಳಿಗೆ ಗ್ವಾಷ್ ಬಣ್ಣ ಬಳಿದು ಒಣಗಿಸುವರು. ಅವನು ಗೆರೆಯೆಳೆಯದೆ ನೇರವಾಗಿ ಕತ್ತರಿಯಾಡಿಸುವನು. ತುಂಡುಗಳನ್ನು ಗುಂಡುಸೂಜಿಯಿಂದ ಚುಚ್ಚಿ, ಒಪ್ಪದಿದ್ದರೆ ಸರಿಸಿ ಮತ್ತೆ ಚುಚ್ಚುವರು. ಹೀಗೆ ಮೂಡಿದವು ಸರ್ಕಸ್ಸಿನ ಕೋಡಂಗಿ, ಕತ್ತಿ ನುಂಗುವವನು, ತೋಳ, ಹಿಂದೆಂದೋ ಕಂಡ ತಾಹಿತಿಯ ಕಡಲು. ಹೊರಗೆ ಮಹಾಯುದ್ಧ. 1944ರಲ್ಲಿ ಅವನ ಪತ್ನಿಯನ್ನೂ ಮಗಳನ್ನೂ ಗೆಸ್ಟಾಪೋ ಬಂಧಿಸಿತು. ಮಗಳು ಚಿತ್ರಹಿಂಸೆಗೆ ಗುರಿಯಾದಳು. ಇಕಾರಸನ ಸುತ್ತಲಿನವು ನಕ್ಷತ್ರಗಳೋ ಸಿಡಿಯುವ ಗುಂಡುಗಳೋ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇಂಥ 20 ಚಿತ್ರಗಳು 1947ರಲ್ಲಿ ತೇರಿಯಾದ್ ಎಂಬ ಪ್ರಕಾಶಕನಿಂದ ‘ಜಾಝ್’ ಎಂಬ ಪುಸ್ತಕವಾಗಿ ಹೊರಬಂದವು. ಆಕೃತಿಗಳನ್ನು ತಗಡಿನಲ್ಲಿ ಕೊರೆದು, ಮೂಲಕ್ಕೆ ಬಳಸಿದ ಬಣ್ಣಗಳನ್ನೇ ಕೈಯಿಂದ ಹಚ್ಚಿ ಅಚ್ಚು ತೆಗೆದಿದ್ದರು. ಆದರೂ ಮಾತೀಸನಿಗೆ ತೃಪ್ತಿಯಾಗಲಿಲ್ಲ. ಕಾಗದದ ಮೇಲೆ ಕಾಗದ ಕೂತಾಗಿನ ಉಬ್ಬು, ಕತ್ತರಿಯಂಚಿನ ಮಿಡಿತ ಅಚ್ಚಿನಲ್ಲಿ ಮಾಯವಾಗಿದ್ದವು. ದೂರು ನ್ಯಾಯವಾದುದೇ; ಇಂದಿನ ಯಂತ್ರಮುದ್ರಿತ ಪ್ರತಿಗಳನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೆ ಆರಾಮಕುರ್ಚಿಯ ಕನಸು ಕಂಡವನ ಕಲೆ ದಣಿದವರ ಮನೆಯೊಳಗೆ ಕಾಲಿಟ್ಟದ್ದು ಈ ಚಪ್ಪಟೆ ಅಚ್ಚುಗಳಿಂದಲೇ.

ಆ ಬೇಸರಕ್ಕೆ ಅವನು ಕತ್ತರಿ ಕೆಳಗಿಡಲಿಲ್ಲ. ವಾನ್ಸ್ ಊರಿನ ಪ್ರಾರ್ಥನಾಮಂದಿರದ ಗಾಜಿನ ಕಿಟಕಿಗಳಿಗೆ ಕಾಗದದಲ್ಲೇ ವಿನ್ಯಾಸ ಕತ್ತರಿಸಿದ. 1953ರಲ್ಲಿ ಮಾಡಿದ ‘ಬಸವನಹುಳು’ ಸುಮಾರು ಮೂರು ಮೀಟರಿನ ಚೌಕ. ಮರುವರ್ಷದ ನವೆಂಬರ್ 3ರಂದು ನೀಸ್ ನಗರದಲ್ಲಿ ತೀರಿಕೊಂಡ.