ಬ್ಯಾಕ್ಟೀರಿಯಾಗಳ ಆಕಾರ ಗುರುತಿಸಿದ ಫರ್ಡಿನಾಂಡ್ ಕೋನ್

ಕಫ ಅಥವಾ ಕೀವಿನ ಪರೀಕ್ಷಾ ವರದಿಯಲ್ಲಿ ‘ಕಾಕೈ’, ‘ಬ್ಯಾಸಿಲೈ’ ಎಂಬ ಪದಗಳನ್ನು ನೀವು ನೋಡಿರಬಹುದು. ಕಾಕೈ ಎಂದರೆ ದುಂಡಗಿನ, ಬ್ಯಾಸಿಲೈ ಎಂದರೆ ಕೋಲಿನಾಕಾರದ ಬ್ಯಾಕ್ಟೀರಿಯಾ. ಆಕಾರದ ಮೇಲೆ ಹೀಗೆ ವಿಂಗಡಿಸುವ ಕ್ರಮಕ್ಕೆ ಗಟ್ಟಿ ತಳಹದಿ ಹಾಕಿದವರು ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್.

ಕೋನ್ ಹುಟ್ಟಿದ್ದು 1828ರಲ್ಲಿ, ಬ್ರೆಸ್ಲಾವ್ ನಗರದಲ್ಲಿ. ಆಗ ಪ್ರಷ್ಯಾಕ್ಕೆ ಸೇರಿದ್ದ ಆ ಊರು ಈಗ ಪೋಲೆಂಡ್‌ನಲ್ಲಿದೆ. ಬಾಲ್ಯದಿಂದಲೇ ಅವರಿಗೆ ಕಿವಿ ಮಂದ. ಯಹೂದಿ ಎಂಬ ಕಾರಣಕ್ಕೆ ಊರಿನ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಬರ್ಲಿನ್‌ಗೆ ಹೋಗಿ 19ನೇ ವಯಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಅದೇ ಬ್ರೆಸ್ಲಾವ್‌ನಲ್ಲಿ ಪ್ರಾಧ್ಯಾಪಕರಾದರು.

ಬ್ಯಾಕ್ಟೀರಿಯಾ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತದೆ ಎಂದು ಆಗ ಹಲವರು ನಂಬಿದ್ದರು. ಅದು ನಿಜವಾಗಿದ್ದರೆ, ಇಂಥ ರೋಗಕ್ಕೆ ಇಂಥದೇ ರೋಗಾಣು ಕಾರಣ ಎಂದು ಹೇಳುವುದೇ ಕಷ್ಟವಾಗುತ್ತಿತ್ತು. 1872ರಲ್ಲಿ ಕೋನ್ ಅವುಗಳನ್ನು ದುಂಡು, ಗಿಡ್ಡ ಕೋಲು, ಉದ್ದ ಕೋಲು, ಸುರುಳಿ ಎಂಬ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. 1876ರಲ್ಲಿ ಸಣ್ಣ ಊರಿನ ವೈದ್ಯ ರಾಬರ್ಟ್ ಕಾಖ್ ಆಂಥ್ರಾಕ್ಸ್ ರೋಗಾಣುವಿನ ಪ್ರಯೋಗಗಳನ್ನು ತೋರಿಸಲು ಬಂದಾಗ, ಕೋನ್ ಅದರ ಮಹತ್ವ ಅರಿತು ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು. ಅವರು ತೀರಿಕೊಂಡದ್ದು 1898ರಲ್ಲಿ.

ಇಂದಿಗೂ ಆಕಾರ ವೈದ್ಯರಿಗೆ ಮೊದಲ ಸುಳಿವು ಮಾತ್ರ. ಕ್ಷಯ, ಟೈಫಾಯ್ಡ್ ಎರಡರ ರೋಗಾಣುಗಳೂ ಕೋಲಿನಾಕಾರದವೇ. ಔಷಧಗಳು ಬೇರೆ ಬೇರೆ. ಆದ್ದರಿಂದ ವರದಿಯ ಒಂದು ಪದ ನೋಡಿ ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ನುಂಗಬೇಡಿ; ವರದಿಯನ್ನು ವೈದ್ಯರಿಗೆ ತೋರಿಸಿ.