ಪೀಟರ್ ಮೆಡವಾರ್

ಬಿಟ್ಟಂಗಾಲದಂತಹ ಕೊಡಗಿನ ಊರುಗಳ ತೋಟಗಾರರಿಗೆ ಕಸಿಯ ವಿದ್ಯೆ ಹೊಸದಲ್ಲ. ಒಂದು ಗಿಡದ ಕಣ್ಣು ಮತ್ತೊಂದು ಗಿಡದೊಡನೆ ಕೂಡಿ ಚಿಗುರುತ್ತದೆ. ಆದರೆ ಒಬ್ಬರ ಚರ್ಮವನ್ನು ಮತ್ತೊಬ್ಬರಿಗೆ ಕಸಿ ಮಾಡಿದರೆ ಅದು ಕೆಲವೇ ದಿನಗಳಲ್ಲಿ ನಾಶವಾಗುವುದೇಕೆ? ಈ ಒಗಟನ್ನು ಬಿಡಿಸಿದವರು ಪೀಟರ್ ಮೆಡವಾರ್.

1915ರಲ್ಲಿ ಬ್ರೆಜಿಲ್ ದೇಶದಲ್ಲಿ ಜನಿಸಿದ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಸುಟ್ಟಗಾಯಗಳಿಂದ ನರಳುತ್ತಿದ್ದವರ ಸಂಕಟವು ಅವರನ್ನು ಈ ಸಂಶೋಧನೆಗೆ ಎಳೆಯಿತು. ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ನರೂ ಅವರೂ ಸೇರಿ ರೋಗಿಯೊಬ್ಬಳಿಗೆ ಆಕೆಯ ಸಹೋದರನ ಚರ್ಮವನ್ನು ಎರಡು ಬಾರಿ ಕಸಿ ಮಾಡಿ ಪರೀಕ್ಷಿಸಿದರು. ಚರ್ಮ ಉಳಿದ ದಿನಗಳ ಎಣಿಕೆಯೇ ಅವರ ಅಳತೆಗೋಲು. ಎರಡನೆಯ ಕಸಿ ಮೊದಲನೆಯದಕ್ಕಿಂತ ಬೇಗ ನಾಶವಾಯಿತು. ದೇಹವು ಪರರ ಚರ್ಮವನ್ನು ಗುರುತಿಸಿ, ನೆನಪಿನಲ್ಲಿಟ್ಟುಕೊಂಡು ಎದುರಿಸುತ್ತದೆಂಬುದನ್ನು 1943ರಲ್ಲಿ ಅವರು ಪ್ರಕಟಿಸಿದರು.

ಈ ವಿರೋಧವನ್ನು ತಡೆಯಲು ಸಾಧ್ಯವೇ? ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಎಂಬ ಸಹೋದ್ಯೋಗಿಗಳೊಡನೆ ಮೆಡವಾರರು ಇನ್ನೂ ಹುಟ್ಟದ ಇಲಿಮರಿಗಳಿಗೆ ಬೇರೆ ತಳಿಯ ಜೀವಕೋಶಗಳನ್ನು ಚುಚ್ಚಿದರು. ಬೆಳೆದ ಮೇಲೆ ಅವುಗಳಲ್ಲಿ ಕೆಲವು ಆ ತಳಿಯ ಚರ್ಮವನ್ನು ತಮ್ಮದೆಂಬಂತೆ ಸ್ವೀಕರಿಸಿದವು. 1953ರ ಈ ಶೋಧವು ವೈದ್ಯರಲ್ಲಿ ಹೊಸ ಭರವಸೆಯನ್ನು ಮೂಡಿಸಿತು. 1960ರಲ್ಲಿ ಅವರಿಗೂ ಆಸ್ಟ್ರೇಲಿಯಾದ ಬರ್ನೆಟ್ಟರಿಗೂ ನೊಬೆಲ್ ಬಹುಮಾನ ದೊರೆಯಿತು.

1969ರಲ್ಲಿ ಮೆದುಳಿನ ಆಘಾತವು ಅವರ ದೇಹವನ್ನು ಕುಗ್ಗಿಸಿತು, ಉತ್ಸಾಹವನ್ನು ಕುಗ್ಗಿಸಲಿಲ್ಲ. ಬರವಣಿಗೆಯನ್ನು ಮುಂದುವರಿಸಿದ ಅವರು 1987ರಲ್ಲಿ ನಿಧನರಾದರು. ಇಂದು ಮೂತ್ರಪಿಂಡದ ಕಸಿಗೆ ಮುನ್ನ ದಾನಿಯ ಜೀವಕೋಶಗಳನ್ನು ರೋಗಿಯ ರಕ್ತದ್ರವದೊಡನೆ ಬೆರೆಸಿ, ವಿರೋಧವುಂಟೇ ಎಂದು ಪರೀಕ್ಷಿಸುತ್ತಾರೆ. ಆ ಪರೀಕ್ಷೆಯ ಹಿಂದೆ, ಅಂದು ತಾಳ್ಮೆಯಿಂದ ದಿನಗಳನ್ನೆಣಿಸಿದ ವಿಜ್ಞಾನಿಯ ಶ್ರಮವಿದೆ.